ವಿಷಯ ಕೇಳಿದರೆ ಚಾರ್ಟು ಬರುತ್ತದೆ

"ನಿಮಗೆ ಇಷ್ಟವಾದ ವಿಷಯ ಆರಿಸ್ಕೊಳ್ಳಿ" ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಮ್ಮೆ ಹೇಳಿ ನೋಡಿ. ಕ್ಲಾಸು ತೆಪ್ಪಗಾಗುತ್ತದೆ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ, "ಪುಸ್ತಕದಲ್ಲಿ ಇರೋದೇ ಆಗ್ಬೇಕಾ ಮಿಸ್?"

ನಾನು ಸಮಾಜ ವಿಜ್ಞಾನದ ಟೀಚರ್. ವಾರಕ್ಕೆ ಎರಡು ಪೀರಿಯಡ್ ಮಾತ್ರ ಇತಿಹಾಸ, ಭೂಗೋಳ, ಭಾಷೆ, ಕಲೆ ಅಂತ ಬೇರೆ ಬೇರೆ ಮಾಡದೆ, ಮಕ್ಕಳು ಆರಿಸಿದ್ದನ್ನೇ ಹಿಡಿದು ಕಲಿಸುತ್ತೇನೆ. ಮೊದಲ ವರ್ಷ ಪೂರ್ತಿ ನೆಲಕಚ್ಚಿತು. ಬಂದಿದ್ದೆಲ್ಲ ಚಾರ್ಟು. "ಫುಟ್‌ಬಾಲ್: ಹುಟ್ಟು, ನಿಯಮಗಳು, ಪ್ರಸಿದ್ಧ ಆಟಗಾರರು." ಇಂಟರ್ನೆಟ್‌ನಿಂದ ಇಳಿಸಿದ್ದು, ಸುತ್ತ ಸ್ಕೆಚ್ ಪೆನ್ನಿನ ಬಾರ್ಡರ್. ಮಕ್ಕಳನ್ನು ಬೈದು ಏನು ಪ್ರಯೋಜನ? ನಾನು ವಿಷಯ ಕೇಳಿದ್ದೆ, ಅವರು ವಿಷಯ ಕೊಟ್ಟರು. ಪ್ರಶ್ನೆ ಕೇಳಬೇಕಿತ್ತು ಅಂತ ನನಗೇ ಹೊಳೆದಿರಲಿಲ್ಲ.

ಮರುವರ್ಷವೂ ಫುಟ್‌ಬಾಲ್ ಬಂತು. (ಪ್ರತಿ ವರ್ಷ ಬರುತ್ತದೆ ಬಿಡಿ.) ಈ ಸಲ ಆ ಹುಡುಗನನ್ನು ಕೇಳಿದೆ, "ಇದರಲ್ಲಿ ನಿನಗೆ ಅರ್ಥ ಆಗದೇ ಇರೋದು ಏನಪ್ಪಾ?" ಎರಡು ದಿನ ತಲೆ ಕೆರೆದುಕೊಂಡು ಬಂದ. "ಹೆಂಗಸರ ಮ್ಯಾಚು ನೋಡೋಕೆ ಯಾಕೆ ಜನ ಕಮ್ಮಿ?"

ಉತ್ತರ ನನಗೂ ಗೊತ್ತಿರಲಿಲ್ಲ. ಇಬ್ಬರೂ ಹುಡುಕಲು ಕೂತೆವು. ಕೆದಕುತ್ತಾ ಹೋದಂತೆ ಪ್ರಶ್ನೆಯೇ ತಿರುಗಿಬಿತ್ತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಹೆಂಗಸರ ಮ್ಯಾಚು ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು! ಮೊದಲ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಫ್ಯಾಕ್ಟರಿ ಸೇರಿದ ಹೆಂಗಸರು ಕಟ್ಟಿದ ಟೀಮುಗಳ ಕಾಲ ಅದು. ಒಂದೇ ವರ್ಷದಲ್ಲಿ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿಬಿಟ್ಟಿತು. ಸುಮಾರು 50 ವರ್ಷ ಹಾಗೇ ಇತ್ತು.

ಆ ನಿರ್ಣಯದಲ್ಲಿ ಈ ಆಟ ಹೆಂಗಸರಿಗೆ ಹೊಂದುವುದಿಲ್ಲ ಎಂಬ ಮಾತಿದೆ. ಹುಡುಗ ಅದರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದ: "ಯಾರು ಹೇಳಿದ್ದು? ಹೇಗೆ ಗೊತ್ತು?" ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅಂತಲೂ ಅವನೇ ಹುಡುಕಿದ. ಇತಿಹಾಸ, ಭಾಷೆ, ಹಣದ ಲೆಕ್ಕ ಎಲ್ಲ ಕರೆಯದೇ ಬಂದವು.

ನನಗೆ ಸಿಟ್ಟು ಬರುವುದು ಅಂಟಿಸುವ ಕೆಲಸ ಕಂಡಾಗ. ಫುಟ್‌ಬಾಲ್ ಅಂದ ಕೂಡಲೇ ಚೆಂಡಿನ ಮೇಲೊಂದು ಪದ್ಯ, ಮೈದಾನದ ವಿಸ್ತೀರ್ಣದ ಒಂದು ಲೆಕ್ಕ, ಆಯ್ತು, ವಿಷಯಗಳನ್ನು ಬೆರೆಸಿದೆವು ಅನ್ನುವುದು. ಸುಮ್ನೆ ಪ್ರದರ್ಶನ ಅದು. ಅದಕ್ಕಿಂತ ಇತಿಹಾಸವನ್ನು ಇತಿಹಾಸದ ಪೀರಿಯಡ್‌ನಲ್ಲೇ ಚೆನ್ನಾಗಿ ಕಲಿಸುವುದು ವಾಸಿ.

"ಪೋರ್ಷನ್ ಮುಗಿಯುತ್ತಾ?" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫಿನ್ಲೆಂಡಿನಲ್ಲಿ 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮ ಕೂಡ ಹಲವು ವಿಷಯ ಬೆರೆತ ಕಲಿಕೆಯನ್ನು ವರ್ಷಕ್ಕೆ ಒಂದು ಸಲವಾದರೂ ಮಾಡಿ ಅನ್ನುತ್ತದೆ, ಅದನ್ನು ರೂಪಿಸುವಾಗ ಮಕ್ಕಳನ್ನೂ ಸೇರಿಸಿಕೊಳ್ಳಿ ಅನ್ನುತ್ತದೆ. ಉಳಿದ ಪಾಠಗಳನ್ನು ಅವರೇನೂ ಎಸೆದಿಲ್ಲ. ಎಲ್ಲ ಪೀರಿಯಡ್ಡೂ ಹೀಗೇ ಇರಲಿ ಅಂತ ನಾನೂ ಹೇಳುವುದಿಲ್ಲ.

ಮಾರ್ಕ್ಸ್ ಮಾತ್ರ ಇವತ್ತಿಗೂ ತಲೆನೋವೇ. ಸದ್ಯಕ್ಕೆ ಅರ್ಧ ಅಂಕ ಕೊನೆಯ ಬರಹಕ್ಕೆ, ಇನ್ನರ್ಧ ದಾರಿಯಲ್ಲಿ ಬಿಟ್ಟುಬಿಟ್ಟ ಪ್ರಶ್ನೆಗಳನ್ನು ಬರೆದಿಟ್ಟ ನೋಟ್‌ಬುಕ್ಕಿಗೆ. ನೋಟ್‌ಬುಕ್ಕೇ ಜಾಸ್ತಿ ಚೆನ್ನಾಗಿರುತ್ತದೆ.

ಈ ವರ್ಷ ಒಬ್ಬಳು, "ನಂಗೆ ಯಾವ್ದೂ ಇಷ್ಟ ಇಲ್ಲ ಮಿಸ್, ಎಲ್ಲಾ ಬೋರು" ಅಂದಳು. ಹಾಗಾದ್ರೆ ಬೋರನ್ನೇ ತಗೋ ಅಂದೆ. ಹೋದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಮಿಸ್, ಗಡಿಯಾರ ಇಲ್ದೇ ಇದ್ದಾಗ ಜನಕ್ಕೆ ಬೋರ್ ಆಗ್ತಿತ್ತಾ?"

ಶನಿವಾರದವರೆಗೆ ಟೈಮ್ ಕೇಳಿದ್ದೇನೆ.