ಎಐ ಎಂಬ ಅನುಮಾನ: ಕಲಾವಿದರೇ ಲೇಯರ್ ಫೈಲ್ ತೋರಿಸಬೇಕೆ?

ಪರ

ಸ್ಕೆಚ್, ಗೆರೆ, ಬಣ್ಣ ಒಂದರ ಮೇಲೊಂದು ಬೇರೆ ಬೇರೆ ಪದರಗಳಲ್ಲಿ (ಲೇಯರ್) ಉಳಿದಿರುವ ಕೆಲಸದ ಫೈಲನ್ನು ತೋರಿಸಬೇಕು. 2022ರ ಕೊನೆಯಲ್ಲಿ ರೆಡ್ಡಿಟ್‌ನ ಕಲಾ ಗುಂಪಿನಿಂದ ಒಬ್ಬ ಚಿತ್ರಕಾರರನ್ನು ಹೊರಹಾಕಿದರು. ಚಿತ್ರ ಎಐ ಮಾಡಿದ ಹಾಗಿದೆ ಎಂಬುದೇ ಕಾರಣ. ಕೆಲಸದ ಫೈಲ್ ತೋರಿಸುತ್ತೇನೆ ಎಂದರೂ ಗುಂಪು ನೋಡಿಕೊಳ್ಳುವ ಮಾಡರೇಟರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಕ್ಷ್ಯ ಕೇಳುವ ಪದ್ಧತಿ ಇದ್ದಿದ್ದರೆ ಆ ರಂಪವೇ ಆಗುತ್ತಿರಲಿಲ್ಲ.

ಚಿತ್ರದ ಕೈಯಲ್ಲಿ ಆರು ಬೆರಳು ಎಣಿಸಿ ಎಐ ಹಿಡಿಯುತ್ತಿದ್ದ ದಿನಗಳು ಹೋದವು. ಪತ್ತೆ ಮಾಡುವ ಸಾಫ್ಟ್‌ವೇರ್‌ಗಳೂ ಭರವಸೆಯವಲ್ಲ. ಜೆಪೆಗ್ ಆಗಿ ಎರಡು ಸಲ ಕುಗ್ಗಿದ ಚಿತ್ರಕ್ಕೆ ಎಐ ಇರಬಹುದೆಂಬುದಕ್ಕೆ ಒಂದು ಅಂಕ ಕೊಟ್ಟರೆ, ಅದರ ಮೂಲಕ್ಕೆ ಇನ್ನೊಂದು ಕೊಡಬಹುದು. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐ ಬಳಸುವ ಕೆಲವು ಆಪ್‌ಗಳು ಪಿಎನ್‌ಜಿ ಒಳಗೇ ಪ್ರಾಂಪ್ಟ್, ಅಂದರೆ ಎಐಗೆ ಕೊಟ್ಟ ಸೂಚನೆ, ಬರೆದಿಡುತ್ತವೆ, ನಿಜ. ಒಂದು ಸ್ಕ್ರೀನ್‌ಶಾಟ್ ತೆಗೆದರೆ ಅದೂ ಮಾಯ.

ಉಳಿಯುವುದು ಕೆಲಸದ ಜಾಡು. ಕಚ್ಚಾ ಸ್ಕೆಚ್, ಅದರ ಮೇಲೆ ಗೆರೆ, ಗೆರೆಯ ಕೆಳಗೆ ಸಪಾಟು ಬಣ್ಣ, ನೆರಳು. ಸ್ಕೆಚ್‌ನಲ್ಲಿ ಮೊಣಕೈ ಒಂದು ಕಡೆ, ಕೊನೆಯ ಗೆರೆಯಲ್ಲಿ ಸ್ವಲ್ಪ ಆಚೆ ಸರಿದಿರುತ್ತದಲ್ಲ, ನೋಡಬೇಕಾದದ್ದು ಆ ತಿದ್ದುಪಡಿಯನ್ನೇ. ಸೆರಗಿನ ಮರೆಗೆ ಹೋದ ಸೊಂಟದ ಗೆರೆ ಕೈಯಲ್ಲಿ ಬಿಡಿಸಿದವರ ಫೈಲ್‌ನಲ್ಲಿ ಸಾಮಾನ್ಯವಾಗಿ ಕೆಳಗಿನ ಲೇಯರ್‌ನಲ್ಲಿ ಪೂರ್ತಿ ಸಿಗುತ್ತದೆ. ಮುಗಿದ ಚಿತ್ರವನ್ನೇ ಕತ್ತರಿಸಿ ಲೇಯರ್ ಮಾಡಿದವರ ಫೈಲ್‌ನಲ್ಲಿ ಆ ಜಾಗ ತೂತು. ಪ್ರೊಕ್ರಿಯೇಟ್ ಎಂಬ ಚಿತ್ರ ಬಿಡಿಸುವ ಆಪ್ ತಾನಾಗಿಯೇ ಬಿಡಿಸಿದ್ದರ ಟೈಮ್‌ಲ್ಯಾಪ್ಸ್ ಹಿಡಿದಿಡುತ್ತದೆ. ಇನ್ನೊಂದು ಆಪ್ ಕ್ರಿಟಾದಲ್ಲಿ ರೆಕಾರ್ಡರ್ ನಾವೇ ಆನ್ ಮಾಡಬೇಕು. ಜಲವರ್ಣದವರು ಪೆನ್ಸಿಲ್ ಹಂತದ ಒಂದು ಫೋಟೊ ತೆಗೆದಿಟ್ಟರಾಯಿತು.

ಕೇಳುವ ರೀತಿಯೂ ಸರಿಯಿರಬೇಕು. ದೂರು ಬಂದೊಡನೆ ಚಿತ್ರ ಅಳಿಸುವುದು ಬೇಡ, ಮರೆಮಾಡಿದರೆ ಸಾಕು. ಉತ್ತರಕ್ಕೆ ಏಳು ದಿನ. ಫೈಲ್ ತರಿಸಿಕೊಳ್ಳುವ ಬದಲು ಹತ್ತು ನಿಮಿಷ ಸ್ಕ್ರೀನ್ ಶೇರ್; ನೋಡುವವರು ಇಬ್ಬರು, ಮರೆಮಾಡಿದ ಮಾಡರೇಟರ್ ಅವರಲ್ಲಿ ಇರಬಾರದು. ಲಕ್ಷ ಫಾಲೋವರ್ ಇರುವವರಿಗೂ ನಿನ್ನೆ ಸೇರಿದವರಿಗೂ ಇದೇ ಕ್ರಮ. ಈ ಕೊನೆಯದನ್ನು ಪಾಲಿಸದಿದ್ದರೆ ಉಳಿದದ್ದೆಲ್ಲ ದಂಡ.

ವಿರೋಧ

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಮೇಲೆ ಅನುಮಾನ ಬರಲಿ, ತಪ್ಪಿಲ್ಲ. ಇಲ್ಲಿ ಸುಮ್ಮನೆ ನಿಂತವರಿಗೂ ಹೆಗಲು ತೋರಿಸಿ ಎನ್ನುತ್ತಿದ್ದಾರೆ.

ಲೆಕ್ಕವನ್ನೇ ನೋಡಿ. ಎ4 ಹಾಳೆಯೆಂದರೆ 300 ಡಿಪಿಐನಲ್ಲಿ 2480×3508 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಹಿಡಿದರೆ ತುಂಬಿದ ಒಂದು ಲೇಯರ್ ಮೆಮೊರಿಯಲ್ಲಿ ಸುಮಾರು 35 ಎಂಬಿ ನುಂಗುತ್ತದೆ; 30 ಲೇಯರ್ ಎಂದರೆ ಒಂದು ಜಿಬಿ ದಾಟಿತು. 3 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಬೆರಳಿಂದ ಬಿಡಿಸುವ ಹುಡುಗಿ ಆಗಾಗ ಲೇಯರ್‌ಗಳನ್ನು ಒಂದಾಗಿ ಬೆರೆಸಿ ಮರ್ಜ್ ಮಾಡಲೇಬೇಕು, ಇಲ್ಲದಿದ್ದರೆ ಆಪ್ ಮುಚ್ಚಿಕೊಂಡು ಅರ್ಧ ದಿನದ ಕೆಲಸ ಹೋಯಿತು. ಜಾಗ ಉಳಿಸಲು ರೆಕಾರ್ಡಿಂಗ್ ಆಫ್. ಕೊನೆಗೆ ಅವಳ ಹತ್ತಿರ ಇರುವುದು ಒಂದೇ ಲೇಯರ್. ಐಪ್ಯಾಡ್ ಇದ್ದವರು ಪಾಸು, ಇವಳು ಫೇಲು. ಎಲ್ಲರಿಗೂ ಒಂದೇ ಕ್ರಮವಂತೆ!

ಕಸುಬಿನವರ ಕಷ್ಟ ಬೇರೆ. ಮುಖಪುಟ, ಗೇಮ್ ಕೆಲಸಗಳಲ್ಲಿ ಮೂಲ ಫೈಲ್ ಹೊರಗೆ ತೋರಿಸಬಾರದೆಂಬ ಕರಾರು ಇರಬಹುದು. ಸ್ಕ್ರೀನ್ ಶೇರ್ ಮಾಡಿದರೂ ಅದು ಮುರಿದಂತೆಯೇ. 2023ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ತಂದ ಗ್ಲೇಜ್ ಇದೆಯಲ್ಲ, ಎಐ ತಮ್ಮ ಶೈಲಿ ಕದಿಯದಿರಲಿ ಎಂದು ಕಲಾವಿದರು ಚಿತ್ರಕ್ಕೆ ತೊಡಿಸುವ ಕವಚ, ಅದನ್ನು ಜೋರಾಗಿ ಹಾಕಿದರೆ ಸಪಾಟು ಬಣ್ಣದ ಮೇಲೆ ಸುಳಿಸುಳಿ ಕಲೆ ಏಳುತ್ತದೆ. ಆ ಕಲೆ ನೋಡಿಯೇ ಎಐ ಎಂದು ದೂರು ಹೋದರೆ ಯಾರಿಗೆ ಹೇಳುವುದು?

ಇಷ್ಟೆಲ್ಲ ಮಾಡಿ ಕಳ್ಳ ಸಿಗುತ್ತಾನೆಯೇ? 2024ರಲ್ಲಿ ಬಂದ ಎಐ ಉಪಕರಣ ಪೇಂಟ್ಸ್-ಅನ್‌ಡೂ ಮುಗಿದ ಚಿತ್ರದಿಂದ ಹಿಂದಕ್ಕೆ ಹೋಗಿ, ಸ್ಕೆಚ್‌ನಿಂದ ಬಣ್ಣದವರೆಗಿನ ವಿಡಿಯೊವನ್ನು ತಾನೇ ಹೆಣೆದುಕೊಡುತ್ತದೆ. ಸೆರಗಿನ ಮರೆಯ ಆ ತೂತನ್ನೂ ಎಐ ತುಂಬಿಕೊಡುತ್ತದೆ. ಸುಳ್ಳುಗಾರನ ಬಳಿ ಸಾಕ್ಷ್ಯ ಅಚ್ಚುಕಟ್ಟಾಗಿರುತ್ತದೆ, ಸಿಕ್ಕಿಬೀಳುವವಳು ಮರ್ಜ್ ಮಾಡಿದವಳು.

ಜಪಾನಿನ ಚಿತ್ರ ಹಂಚುವ ತಾಣ ಪಿಕ್ಸಿವ್ 2022ರ ಅಕ್ಟೋಬರ್‌ನಲ್ಲಿ ಎಐ ಚಿತ್ರಗಳಿಗೆ ಹಾಕಿದವರೇ ಗುರುತು ಹಚ್ಚುವ ವ್ಯವಸ್ಥೆ ತಂದಿತು. ಬೇಡದವರು ಅವನ್ನು ಸೋಸಿಕೊಳ್ಳಬಹುದು. ಗುರುತು ಹಚ್ಚದೆ ನುಸುಳುವವರನ್ನು ಹಿಡಿಯಲು ಒಂದು ಚಿತ್ರ ಜಾಲಾಡುವುದಕ್ಕಿಂತ ಇಡೀ ಖಾತೆ ನೋಡುವುದು ಸಲೀಸು: ದಿನಕ್ಕೆ 20 ಪೂರ್ಣ ಬಣ್ಣದ ಚಿತ್ರ, ಇಂದೊಂದು ಶೈಲಿ, ನಾಳೆ ಇನ್ನೊಂದು. ದೂರುವವರು ಚಿತ್ರದ ಯಾವ ಭಾಗ, ಏಕೆ ಎಂದು ಗುರುತಿಸಿ ಬರೆಯಲಿ. ಮೂರು ದೂರು ಹುಸಿಯಾದರೆ ಒಂದು ತಿಂಗಳು ಅವರ ರಿಪೋರ್ಟ್ ಬಟನ್ ಬಂದ್ ಆಗಲಿ.