ಪೇಢಾ ತಿನ್ನುತ್ತಾ ಗಡಿ ಕಾಯುವವರು

ಒಂದು ದೇಶ ಸುರಕ್ಷಿತವೋ ಅಲ್ಲವೋ ಎಂದು ಪತ್ತೆ ಮಾಡುವುದು ಹೇಗೆ? ಬ್ರಿಟನ್ ಸುಲಭದ ದಾರಿ ಕಂಡುಕೊಂಡಿತ್ತು. ಸಂಸತ್ತಿನಲ್ಲಿ ಮತಕ್ಕೆ ಹಾಕುವುದು.

ಆಶ್ರಯ ಕೇಳಿ ದೋಣಿಯಲ್ಲಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಸಾಗಿಸುತ್ತೇವೆ ಎಂದು ಅಲ್ಲಿನ ಸರ್ಕಾರ 2022ರಲ್ಲಿ ಘೋಷಿಸಿತು. ಅವರು ಬಿಟ್ಟು ಬಂದ ದೇಶಕ್ಕೇ ರುವಾಂಡಾ ಅವರನ್ನು ಮತ್ತೆ ಅಟ್ಟಬಹುದು, ಹಾಗಾಗಿ ಇದು ನಡೆಯದು ಎಂದು 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ರುವಾಂಡಾ ಜೊತೆ ಹೊಸ ಒಪ್ಪಂದ ಬರೆದುಕೊಂಡಿತು. ಅದೂ ಸಾಲದೆಂದು 2024ರಲ್ಲಿ ಕಾಯ್ದೆಯನ್ನೇ ಮಾಡಿತು: ರುವಾಂಡಾ ಸುರಕ್ಷಿತ, ನ್ಯಾಯಾಧೀಶರೂ ಹಾಗೆಯೇ ತಿಳಿಯತಕ್ಕದ್ದು.

ಅಯ್ಯೋ, ಇಷ್ಟು ಸಲೀಸು ಅಂತ ಗೊತ್ತಿದ್ದರೆ "ಹುಬ್ಬಳ್ಳಿಯಲ್ಲಿ ಧೂಳಿಲ್ಲ" ಎಂದು ನಾವೂ ಒಂದು ಠರಾವು ಪಾಸು ಮಾಡಿ, ಕೆಮ್ಮಿದವರಿಗೆ ದಂಡ ಹಾಕಬಹುದಿತ್ತು.

ಅದೇ ವರ್ಷ ಬಂದ ಹೊಸ ಸರ್ಕಾರ ಯೋಜನೆ ಕೈಬಿಟ್ಟು ಲೆಕ್ಕ ಕೊಟ್ಟಿತು. ಖರ್ಚು 70 ಕೋಟಿ ಪೌಂಡ್. ಹೋದವರು 4 ಜನ, ಅವರೂ ತಾವಾಗಿಯೇ ಒಪ್ಪಿ ಹೋದವರು. ಅಷ್ಟು ದುಡ್ಡಿಗೆ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲನ್ನು ಟ್ರಾಫಿಕ್ ಸಮೇತ ಎತ್ತಿ ರುವಾಂಡಾದಲ್ಲಿ ಇಟ್ಟು ಬರಬಹುದಿತ್ತು.

ನಮ್ಮ ಧಾರವಾಡದ ಲೈನ್ ಬಜಾರಿನಲ್ಲೂ ವಲಸೆ ತಜ್ಞರಿಗೆ ಬರವಿಲ್ಲ. ಅಲ್ಲೊಬ್ಬ ಕಾಕಾ ಇರುತ್ತಾರೆ. "ಜೀವಕ್ಕ ಹೆದರಿ ಓಡೋರು ಮೊದಲ ಸಿಕ್ಕ ದೇಶದಾಗ ನಿಲ್ಲಬೇಕ್ರೀ. ಮುಂದ ಮುಂದ ಯಾಕ ಬರ್ತಾರ?" 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದದಲ್ಲಿ ಹಾಗೊಂದು ಷರತ್ತು ಇಲ್ಲ. ಇರಲಿ. ಕಾಕಾನ ಬಾಯಲ್ಲಿ ಪೇಢಾ ಇದೆ, ಅದನ್ನು ಕೇಳೋಣ.

ಆ ಪೇಢಾ ಬಂದದ್ದು ಉತ್ತರ ಪ್ರದೇಶದ ಉನ್ನಾವ್‌ನಿಂದ. 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಹೊರಟ ಠಾಕೂರ್ ಮನೆತನ ಧಾರವಾಡಕ್ಕೆ ಬಂದು ಸೇರಿತು. ಇವತ್ತಿನ ಲೆಕ್ಕದಲ್ಲಿ ದೇಶದ ಗಡಿ ದಾಟಿದವರಲ್ಲ, ಅದು ಬೇರೆ ಮಾತು. ಆದರೆ ಅಂದು ಕಾಕಾ ಊರ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರೆ? "ಪ್ಲೇಗ್ ಬಂದದ್ದಕ್ಕ ಸರ್ಟಿಫಿಕೇಟ್ ಎಲ್ಲಿ? ದಾರ್ಯಾಗ ಝಾನ್ಸಿ ಇತ್ತು, ಭೋಪಾಲ ಇತ್ತು, ಅಲ್ಯಾಕ ನಿಲ್ಲಲಿಲ್ಲ? ಹಾಲು ಕಾಸೋದು ನಮಗ ಬರೋದಿಲ್ಲೇನು?" ಅರ್ಜಿ ವಜಾ. ನಾವೆಲ್ಲ ಇವತ್ತಿಗೂ ಬೆಲ್ಲ ಕಡಿಯುತ್ತಿದ್ದೆವು.

ದೇಶದ ಮಟ್ಟದಲ್ಲಿ ನಮಗೆ ಇಂಥ ರಗಳೆಯೇ ಇಲ್ಲ ನೋಡಿ. 1951ರ ಆ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಎಲ್ಲ ಆಯಾ ಸರ್ಕಾರದ ಮರ್ಜಿ. ಮರ್ಜಿ ಚೆನ್ನಾಗಿದ್ದಾಗ, 1966ರಲ್ಲಿ, ಹುಬ್ಬಳ್ಳಿಯಿಂದ ಸ್ವಲ್ಪ ದೂರದ ಮುಂಡಗೋಡದಲ್ಲಿ ಟಿಬೆಟಿನವರಿಗೆ ನೆಲೆ ಸಿಕ್ಕಿತು. 2019ರ ಪೌರತ್ವ ತಿದ್ದುಪಡಿಯಲ್ಲಿ ಬೌದ್ಧರ ಹೆಸರಿದೆ, ಟಿಬೆಟಿನ ಹೆಸರಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಬೌದ್ಧರಾದರೆ ಮಾತ್ರ ಆದೀತು. ಅಫ್ಘಾನಿಸ್ತಾನದಲ್ಲಿ ಬೌದ್ಧರನ್ನು ಹುಡುಕಿಕೊಡುವ ಕೆಲಸ ಯಾರಿಗೆ ವಹಿಸಿದ್ದಾರೋ!

ಟಿಬೆಟಿನಿಂದ ಬಂದ ತಂದೆ ತಾಯಿ, 1987ರ ಜುಲೈ ನಂತರ ಮುಂಡಗೋಡದಲ್ಲೇ ಹುಟ್ಟಿದ ಮಗಳು ಎಂದಿಟ್ಟುಕೊಳ್ಳಿ. ಕಾಗದದಲ್ಲಿ ಆಕೆ ವಿದೇಶಿ. ನೋಂದಣಿ ಪತ್ರವನ್ನು ಆಗಾಗ ನವೀಕರಿಸುತ್ತಿರಬೇಕು. ಚಳಿಗಾಲದಲ್ಲಿ ಹುಬ್ಬಳ್ಳಿಗೆ ಬಂದು ಸ್ವೆಟರ್ ಹರವಿ ಕೂರುತ್ತಾಳೆ. ನಮ್ಮ ಕಾಕಾ ಅಲ್ಲಿಗೂ ಬಂದು, ಒಂದನ್ನು ಎಳೆದು ಎಳೆದು ನೋಡಿ, "ನಮ್ಮ ಊರಾಗ ನಮಗ ಇಷ್ಟು ರೇಟೇನವಾ?" ಎನ್ನುತ್ತಾರೆ.

"ಫಿಕ್ಸ್ ರೇಟ್ ಐತ್ರೀ ಕಾಕಾ. ಬ್ಯಾಡಂದ್ರ ಮಡಚಿ ಇಡ್ರಿ."