ಜಗನ್ನಾಥನ ಎಲೆ ಕೈಗೆ ಬಿದ್ದರೆ

ಪುರಿ ಯಾತ್ರೆ ಮುಗಿಸಿ ಬಂದವಳು ಎಲ್ಲರಿಗೂ ಪ್ರಸಾದ ಹಂಚಿ, ನನಗೆಂದೇ ತಂದುಕೊಂಡಿದ್ದ ಪೆಟ್ಟಿಗೆ ಬಿಚ್ಚಿದೆ. ಅಂಗೈಗಿಂತ ಚಿಕ್ಕದಾದ, ದುಂಡನೆಯ 120 ಎಲೆಗಳು. ದಶಾವತಾರದ ಗಂಜಪ, ಅಂದರೆ ಕೈಯಲ್ಲೇ ಚಿತ್ರ ಬರೆದ ಒಡಿಶಾದ ಇಸ್ಪೀಟು. ನಮ್ಮ ದೊಡ್ಡಮ್ಮ ಒಂದನ್ನೆತ್ತಿ ಕಣ್ಣಿಗೊತ್ತಿಕೊಂಡರು. ಇಸ್ಪೀಟು ಎಂದು ಗೊತ್ತಾದದ್ದೇ ತಡ, "ಅಯ್ಯೋ, ದೇವರನ್ನು ಜೂಜಿಗೆ ಎಳೆದಿದ್ದಾರಲ್ಲೇ! ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕು" ಅಂದರು.

ಎದುರಿಗೆ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ, ಅವರು ಫೇಸ್‌ಬುಕ್ಕಿನಲ್ಲಿಲ್ಲ.

ಈ ಎಲೆ ಬರೆಯುವವರು ಪುರಿಗೆ ಹತ್ತಿರದ ರಘುರಾಜಪುರದ ಚಿತ್ರಕಾರರು. ಸ್ನಾನಯಾತ್ರೆಯಲ್ಲಿ ಮಿಂದ ಜಗನ್ನಾಥನಿಗೆ ಜ್ವರ ಬರುತ್ತದೆ, ಸುಮಾರು ಹದಿನೈದು ದಿನ ದರ್ಶನವಿಲ್ಲ. ಆಗ ಮೂರ್ತಿಯ ಬದಲು ಪೂಜೆ ಸಲ್ಲುವುದು ಬಟ್ಟೆಯ ಮೇಲೆ ಬರೆದ ಪಟಕ್ಕೆ. ಅದನ್ನು ಬರೆಯುವುದೂ ಚಿತ್ರಕಾರರೇ. ಯಾತ್ರಿಕರು ಊರಿಗೆ ಒಯ್ಯುವ ಪುಟ್ಟ ಪಟಗಳೂ ಅವರವೇ, ಗಂಜಪವೂ ಅವರದೇ. ಹತ್ತಿ ಬಟ್ಟೆಯ ಪದರ, ಹುಣಸೆಬೀಜದ ಅಂಟು, ಸೀಮೆಸುಣ್ಣದ ಪುಡಿ, ಆಮೇಲೆ ಕಲ್ಲಿನಲ್ಲಿ ಉಜ್ಜಿ ಉಜ್ಜಿ ನುಣುಪು. ಪೂಜೆಯ ಪಟಕ್ಕೂ ಆಟದ ಎಲೆಗೂ ಹದ ಒಂದೇ. ಬರೆದವರಿಗೇ ಇಲ್ಲದ ಮೈಲಿಗೆ ನಮಗೆಲ್ಲಿಂದ ಬಂತು?

ನನ್ನ ತಕರಾರು ಬೇರೆ. ಈಗ ಯಾತ್ರೆಯ ನೆನಪಿಗೆಂದು ಮಾರುವ ಎಷ್ಟೋ ಇಸ್ಪೀಟು ಕಟ್ಟುಗಳ ಬೆನ್ನಿಗೆ ಗೋಪುರದ ಫೋಟೋ ಇರುತ್ತದೆ, ತಿರುಗಿಸಿದರೆ ಅದೇ ಎಕ್ಕ, ಅದೇ ಗುಲಾಮ. ಕ್ಷೇತ್ರಕ್ಕೂ ಆಟಕ್ಕೂ ಸಂಬಂಧವೇ ಇಲ್ಲ. ಗಂಜಪದಲ್ಲಿ ಹಾಗಲ್ಲ. ನನ್ನ ಕಟ್ಟಿನಲ್ಲಿ ಒಂಬತ್ತನೆಯ ಅವತಾರ ಬುದ್ಧನಲ್ಲ, ಜಗನ್ನಾಥ. ಕಪ್ಪು ಮುಖ, ದುಂಡು ಎಲೆಯಲ್ಲಿ ಇನ್ನೂ ದುಂಡಗಿನ ಎರಡು ಕಣ್ಣು. ಎಲ್ಲಿಯ ಕಟ್ಟು ಎಂದು ಯಾರೂ ಹೇಳಬೇಕಿಲ್ಲ.

ಆಟವೂ ಮಜವಾಗಿದೆ. ಅವತಾರಕ್ಕೊಂದರಂತೆ ಹತ್ತು ರಂಗು, ಪ್ರತಿಯೊಂದರಲ್ಲೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ರಾಣಿಯಿಲ್ಲ, ತುರುಪೂ ಇಲ್ಲ. ಐದು ರಂಗುಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಹತ್ತು ಚಿಕ್ಕದು, ಒಂದೇ ದೊಡ್ಡದು! ಇದನ್ನು ಮರೆತು ಹತ್ತನ್ನು ಹಿಡಿದು ಇಲ್ಲದ ಮೀಸೆ ತಿರುವುತ್ತಿದ್ದೆ. ಯಜಮಾನರು ಅದೇ ರಂಗಿನ ಒಂದರ ಎಲೆ ಹಾಕಿ ಬಾಚಿಕೊಂಡರು.

ದೂರ ಯಾಕೆ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೇ (1794–1868) ದೇವರುಗಳ ಎಲೆಯಾಟಗಳನ್ನು ರೂಪಿಸಿ, ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬರೆಸಿಟ್ಟರು. ಆ ಎಲೆಗಳನ್ನು ಈಗ ಗಾಜಿನಾಚೆಯಿಂದ ನೋಡಬೇಕು. ಕೈಯಲ್ಲಿ ಹಿಡಿದು ಆಡುವವರು ಎಷ್ಟು ಜನ?

ಕಳೆದ ವಾರ ಮತ್ಸ್ಯದ ಮೂರರ ಅಂಚು ಚೂರು ಎದ್ದಿತು, ಒಳಗಿನ ಬಟ್ಟೆಯ ನೂಲು ಕಾಣುತ್ತಿದೆ. ಹೊಟ್ಟೆ ಚುರ್ರೆಂದಿತು, ಸುಳ್ಳು ಹೇಳಲಾರೆ. ಆದರೂ ಫ್ರೇಮಿನವನಿಗೆ ಫೋನ್ ಮಾಡಿಲ್ಲ. ಆಟಕ್ಕೆ ಇನ್ನೊಂದು ಕೈ ಬೇಕಿತ್ತು. ದೊಡ್ಡಮ್ಮನನ್ನು ಕೇಳೋಣವೆಂದು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೇನೆ.